ಬಾಗ್ದಾದಿನ ಕಳ್ಳನಿಗೆ ಬುಡಾಪೆಸ್ಟಿನ ಸಂಗೀತ

ಕೇಳುಗರೇ, ನಮಸ್ಕಾರ.

1940ರಲ್ಲಿ ತೆರೆಕಂಡ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರವನ್ನು ನಮ್ಮವರು ನೆನೆಯುವುದು ಬಹುಮಟ್ಟಿಗೆ ಸಾಬುವಿನ ಕಾರಣಕ್ಕೆ. ಮೈಸೂರು ಸೀಮೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಆ ಹುಡುಗ ಇದರಲ್ಲಿ ಅಬು ಎಂಬ ಪುಟ್ಟ ಕಳ್ಳನಾಗಿ ಅಭಿನಯಿಸಿದ್ದಾನೆ. ಅದೇ ಚಿತ್ರದ ವಾದ್ಯಸಂಗೀತಕ್ಕೆ ಮಾತ್ರ ನಮ್ಮಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನ್ನ ಎಣಿಕೆ.

ಸಂಗೀತ ರಚಿಸಿದವರು 1907ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಲೈಪ್ಜಿಗ್‌ನಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದು, ಪ್ಯಾರಿಸ್ ಮಾರ್ಗವಾಗಿ ಲಂಡನ್ ಸೇರಿದ್ದ ಮಿಕ್ಲೋಶ್ ರೋಜಾ. ಮೊದಲಿಗೆ ಈ ಕೆಲಸ ಅವರದಾಗಿರಲಿಲ್ಲ. ನಿರ್ದೇಶಕರಲ್ಲಿ ಒಬ್ಬರಾದ ಲುಡ್ವಿಗ್ ಬರ್ಗರ್ ಅವರ ಒಲವು ವಿಯೆನ್ನಾದ ಹಿರಿಯ ಸಂಯೋಜಕ ಆಸ್ಕರ್ ಸ್ಟ್ರಾಸ್ ಅವರ ಕಡೆಗಿತ್ತು. ಆದರೆ ಸ್ಟ್ರಾಸ್ ಕಳುಹಿಸಿದ ಮಟ್ಟುಗಳು ಹಳೆಯ ಸಂಗೀತನಾಟಕದ ಧಾಟಿಯವು. ಭೂತ, ಮಾಟ, ಹಾರುವ ಕುದುರೆಗಳ ಕಥೆಗೆ ಅವು ಹೊಂದುವಂತಿರಲಿಲ್ಲ. ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ವಾದಕ್ಕೆ ಹೋಗದೆ, ಬರ್ಗರ್ ಕೋಣೆಯ ಪಕ್ಕದಲ್ಲೇ ರೋಜಾರನ್ನು ಕೂರಿಸಿ, ತಮ್ಮ ರಚನೆಗಳನ್ನು ಪಿಯಾನೋದಲ್ಲಿ ನುಡಿಸುತ್ತಿರುವಂತೆ ಹೇಳಿದರಂತೆ. ಗೋಡೆಯಾಚೆಯಿಂದ ಕಿವಿಗೆ ಬೀಳುತ್ತಿದ್ದ ಸಂಗೀತಕ್ಕೆ ಬರ್ಗರ್ ತಾವಾಗಿಯೇ ಮನಸೋತರು. ಈ ಪ್ರಸಂಗವನ್ನು ರೋಜಾ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕೊರ್ಡಾರ ಜಾಣತನ ಮೆಚ್ಚತಕ್ಕದ್ದೇ.

ಅದ್ಭುತಕಥೆಯ ಚಿತ್ರದಲ್ಲಿ ವಾದ್ಯಮೇಳದ ಹೊಣೆ ಸಾಮಾನ್ಯ ಚಿತ್ರದಲ್ಲಿರುವುದಕ್ಕಿಂತ ಹೆಚ್ಚಿನದು. ಸೀಸೆಯಿಂದ ಹೊರಬಂದು ಆಕಾಶದೆತ್ತರ ನಿಲ್ಲುವ ಭೂತ ಕ್ಯಾಮೆರಾದ ಕೈಚಳಕವೆಂಬುದು ಕಣ್ಣಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಅದಕ್ಕೆ ತೂಕವನ್ನೂ ಬೆದರಿಕೆಯನ್ನೂ ತಂದುಕೊಟ್ಟು ನಂಬಿಸಬೇಕಾದದ್ದು ಸಂಗೀತ. ರೋಜಾ ಈ ಭಾರವನ್ನು ಪೂರ್ಣ ಸಿಂಫನಿ ವಾದ್ಯಮೇಳಕ್ಕೂ ಗಾಯಕವೃಂದಕ್ಕೂ ಹೊರಿಸಿದರು.

ಚಿತ್ರದ ಒಂದು ದೃಶ್ಯವನ್ನು ಇಲ್ಲಿ ವಿವರವಾಗಿ ಹೇಳಬೇಕು. ಬಸ್ರಾದ ಮುದಿ ಸುಲ್ತಾನನಿಗೆ ಯಂತ್ರದ ಆಟಿಕೆಗಳೆಂದರೆ ಪ್ರಾಣ. ಅದನ್ನರಿತ ಮಾಂತ್ರಿಕ ಜಾಫರ್ ಹಲವು ತೋಳುಗಳ ಬೆಳ್ಳಿಬೊಂಬೆಯೊಂದನ್ನು ಕಾಣಿಕೆಯಾಗಿ ತಂದೊಪ್ಪಿಸುತ್ತಾನೆ. ಬೊಂಬೆ ನರ್ತಿಸುತ್ತದೆ, ಸುಲ್ತಾನ ಮೈಮರೆತು ಅದರ ಅಪ್ಪುಗೆಗೆ ಒಳಗಾಗುತ್ತಾನೆ, ತೋಳುಗಳಲ್ಲೊಂದು ಅವನ ಬೆನ್ನಿಗೆ ಕಠಾರಿಯಿಳಿಸುತ್ತದೆ. ಇಲ್ಲಿ ಸಂಗೀತವು ಅಪಾಯವನ್ನು ಮುಂದಾಗಿ ಸಾರುವುದಿಲ್ಲ. ಸುಲ್ತಾನನನ್ನು ಮರುಳುಮಾಡಿದ ಹಾಗೆಯೇ ನಮ್ಮನ್ನೂ ಮರುಳುಮಾಡುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಇದಕ್ಕೆ ಮಿಗಿಲಾದ ಸಂಗೀತಭಾಗವಿಲ್ಲ.

ಈ ಸಂಗೀತದ ‘ಪೂರ್ವದೇಶ’ ಅರಬ್ಬರದೂ ಅಲ್ಲ, ನಮ್ಮದೂ ಅಲ್ಲ. ಅದು ಯುರೋಪಿನ ಸಂಯೋಜಕನೊಬ್ಬನ ಕಲ್ಪನೆಯ ಪೂರ್ವ. ಆದರೂ ರೋಜಾ ಬಾಲ್ಯದಿಂದಲೇ ಹಂಗೇರಿಯ ಹಳ್ಳಿಗರ ಹಾಡುಗಳನ್ನು ಕೇಳುತ್ತ ಬೆಳೆದವರಾದ್ದರಿಂದ, ಪಶ್ಚಿಮದ ಮಾಮೂಲಿ ಸ್ವರಶ್ರೇಣಿಗಳಾಚೆಗಿನ ನಾದ ಅವರಿಗೆ ಹೊಸದಾಗಿರಲಿಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, ಹಂಗೇರಿಯನ್ ಮೈನರ್ ಎಂದು ಹೆಸರಾದ ಶ್ರೇಣಿಯ ಸ್ವರಗಳೇ ನಮ್ಮ ಕರ್ನಾಟಕ ಸಂಗೀತದ ಸಿಂಹೇಂದ್ರಮಧ್ಯಮ ರಾಗದ ಸ್ವರಗಳೂ ಆಗಿವೆ.

ಎರಡನೇ ಮಹಾಯುದ್ಧ ಆರಂಭವಾದ್ದರಿಂದ ಇಂಗ್ಲೆಂಡಿನ ಡೆನಮ್‌ನಲ್ಲಿ ಶುರುವಾದ ಚಿತ್ರ ಹಾಲಿವುಡ್‌ನಲ್ಲಿ ಮುಗಿಯಿತು. ಅಲ್ಲಿಗೆ ಹೋದ ರೋಜಾ ಅಲ್ಲಿಯೇ ನೆಲೆಸಿ, ಮುಂದೆ ಮೂರು ಬಾರಿ ಆಸ್ಕರ್ ಪಡೆದರು. ಈ ಚಿತ್ರಕ್ಕೆ ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ಪರಿಣಾಮಗಳಿಗಾಗಿ ಆಸ್ಕರ್ ಬಂದಿತು; ಸಂಗೀತದ ಪಾಲಿಗೆ ನಾಮನಿರ್ದೇಶನವಷ್ಟೇ ಉಳಿಯಿತು.

ಸಾಬು ಮತ್ತು ರೋಜಾ 1942ರ ‘ಜಂಗಲ್ ಬುಕ್’ನಲ್ಲಿ ಮತ್ತೆ ಜೊತೆಯಾದರು. ಆ ಚಿತ್ರದ ಸಂಗೀತ ಗ್ರಾಮಫೋನ್ ತಟ್ಟೆಗಳಲ್ಲಿ ಬಂದಾಗ ವಾದ್ಯಮೇಳದ ನಡುನಡುವೆ ಕಥೆ ಹೇಳಿದ ಧ್ವನಿಯೂ ಸಾಬುವಿನದೇ.