ಕೂಸಿನ ಕೈಯಾಗ ಬ್ರಷ್ಷಿಗಿಂತ ಮೊದಲು ರಟ್ಟು ಕೊಡ್ರಿ

ನಮಸ್ಕಾರ್ರಿ. ಮೂರು ವರ್ಷದ ಕೂಸಿಗೆ ಬಣ್ಣ ತುಂಬೂ ಪುಸ್ತಕ ಕೊಟ್ಟು, "ಗೆರಿ ದಾಟಬ್ಯಾಡ" ಅಂತೀವಿ. ಆ ವಯಸ್ಸಿಗೆ ಬೆರಳಿನ ಹಿಡಿತ ಇನ್ನೂ ಬಲಿತಿರೂದಿಲ್ಲ. ಭುಜ, ಮೊಳಕೈ ಮೊದಲು ಪಳಗ್ತಾವು, ಬೆರಳು ಆಮ್ಯಾಲ. ಅದಕ್ಕ ನಾವು ಹೇಳೂದು, ಬ್ರಷ್ಷಿಗಿಂತ ಮೊದಲು ಒಂದು ರಟ್ಟಿನ ತುಂಡು ಕೊಡ್ರಿ. ಹಾಳಿಯ ಮ್ಯಾಲಿನ ಅಂಚಿಗೆ ಬಣ್ಣದ ಹನಿ ಇಟ್ಟು, ರಟ್ಟಿನಿಂದ ಕೆಳಗ ಎಳೆಯೂದು. ಇದಕ್ಕ ಸ್ಕ್ರೇಪ್ ಪೇಂಟಿಂಗ್ ಅಂತಾರ. ಗಂಗಾವತಿ, ಸಿಂಧನೂರು ಕಡೆ ನಾಟಿಗೆ ಮೊದಲು ಕೆಸರಿನ ಮ್ಯಾಲ ಹಲಗಿ ಎಳೆದು ಗದ್ದಿ ಸಮ ಮಾಡ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ಬರೇ ಹುಡುಗರಾಟ ಅನ್ಕೋಬ್ಯಾಡ್ರಿ. ಜರ್ಮನಿಯ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ 1980ರ ದಶಕದಿಂದ ದೊಡ್ಡ ದೊಡ್ಡ ಕ್ಯಾನ್ವಾಸಿನ ಮ್ಯಾಲ ಉದ್ದನ ಪಟ್ಟಿಯಿಂದ ಬಣ್ಣ ಎಳೆದೇ ಚಿತ್ರ ಮಾಡಿದವರು.

ಜೆರಾಕ್ಸ್ ಹಾಳಿ ಬ್ಯಾಡ್ರಿ. ಅದು 70–75 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳಿ ಎಷ್ಟು ಗ್ರಾಂ ತೂಗತೈತಿ ಅನ್ನೂ ಲೆಕ್ಕ) ಇರ್ತೈತಿ, ಹಸಿ ಆದಕೂಡಲೇ ಸುಕ್ಕಾಗಿ ಹರೀತೈತಿ. 200 ಜಿಎಸ್‌ಎಂ ಡ್ರಾಯಿಂಗ್ ಶೀಟ್ ತಗೋರಿ, ಎ4 ಅಳತಿ ಸಾಕು. ಪರೀಕ್ಷೆ ಪ್ಯಾಡಿನ ಮ್ಯಾಲ ನಾಕೂ ಮೂಲಿಗೆ ಟೇಪ್ ಹಚ್ಚಿರಿ. ಹಾಳಿ ಜರದರ ಕೂಸಿಗೆ ಸಿಟ್ಟು ಬರ್ತೈತಿ, ಆಟ ಅಲ್ಲಿಗೇ ಮುಗೀತು. ಎಳೆಯಾಕ ಹಳೇ ಲಗ್ನಪತ್ರಿಕೆಯ ದಪ್ಪ ರಟ್ಟು, 8 ಸೆಂಟಿಮೀಟರ್ ಅಗಲ. ಅಂಚಿಗೆ ಸೆಲ್ಲೋಟೇಪ್ ಮಡಚಿ ಹಚ್ಚಿದರ ಬಣ್ಣ ಕುಡಿದು ಮೆತ್ತಗಾಗೂದಿಲ್ಲ.

ಪೋಸ್ಟರ್ ಕಲರ್ ದ್ವಾಸಿ ಹಿಟ್ಟಿನ ಹದಕ್ಕ ಇರಲಿ. ತೊಗರಿ ಬ್ಯಾಳಿಯಷ್ಟು ಹನಿ, ನಡುವ ಒಂದು ಬೆರಳು ಜಾಗ, ಹಾಳಿಗೆ ಹತ್ತು ಹನಿ. ಹನಿ ಗುಂಡಗ ನಿಲ್ಲಬೇಕು, ಹರಿದರ ನೀರು ಹೆಚ್ಚಾಗೈತಿ ಅಂತ ತಿಳೀರಿ. ರಟ್ಟನ್ನ ಸ್ವಲ್ಪ ವಾರಿ ಹಿಡಿದು, ಮ್ಯಾಲಿಂದ ಕೆಳಗ ಒಂದೇ ಎಳತ. ಕೂಸು ನಿಂತು ಎಳೀಲಿ, ಕುಂತರ ಕೈ ನಡುದಾರಿಯಾಗ ನಿಲ್ತೈತಿ.

ಎಲ್ಲರ ಮನ್ಯಾಗೂ ಒಂದೇ ತಕರಾರು: "ಕಡೀಗೆ ಎಲ್ಲಾ ಕೆಸರು ಬಣ್ಣ ಆತು." ಆಗೂದ. ಕೆಂಪು, ಹಳದಿ, ನೀಲಿ ಮೂರೂ ಕೂಡಿದರ ಕಂದು ಬಣ್ಣನ. ಮೊದಲ ವಾರ ಎರಡೇ ಬಣ್ಣ ಮತ್ತು ಬಿಳಿ ಕೊಡ್ರಿ. ಹಳದಿ-ಕೆಂಪು ಎಳೆದರ ನಡುವ ಕೇಸರಿ ಹುಟ್ಟತೈತಿ, ನೀಲಿ-ಹಳದಿ ಎಳೆದರ ಹಸಿರು. ಒಂದು ಎಳತ ಆದಕೂಡಲೇ ರಟ್ಟಿನ ಅಂಚನ್ನ ಹಸಿ ಅರಿವಿಗೆ ಒರೆಸೂದು ಕೂಸಿಗೇ ಕಲಿಸ್ರಿ. ಒರೆಸದ ರಟ್ಟು ಹಿಂದಿನ ಬಣ್ಣ ತಂದು ಮುಂದಿನದರಾಗ ಬೆರೆಸ್ತೈತಿ. ಹಂಗಂತ ಕೆಸರು ಬಣ್ಣಕ್ಕ ಬೈಯಬ್ಯಾಡ್ರಿ. ಮೂರು ಬಣ್ಣ ಕೂಡಿದರ ಏನಾಗ್ತೈತಿ ಅಂತ ಕೂಸು ತಾನಾಗಿ ಕಂಡುಕೊಂಡೈತಿ, ಅದು ಸಣ್ಣ ಮಾತಲ್ಲ.

ಇನ್ನ ನಮ್ಮ ಬಿಸಿಲು. ಏಪ್ರಿಲ್, ಮೇದಾಗ ರಾಯಚೂರು, ಬಳ್ಳಾರಿ 40 ಡಿಗ್ರಿ ದಾಟತಾವು. ಫ್ಯಾನಿನ ಕೆಳಗ ಹನಿ ಇಟ್ಟು, ಕೂಸನ್ನ ಕರ್ಕೊಂಡು ಬರೂದರಾಗ ಮ್ಯಾಲ ಕೆನಿ ಕಟ್ಟಿರ್ತೈತಿ. ಎಳೆದರ ತುಂಡು ತುಂಡು ಗೀರು ಬೀಳ್ತಾವು. ಮುಂಜಾನೆ ಮಾಡ್ರಿ, ಫ್ಯಾನ್ ಆರಿಸ್ರಿ, ಹನಿ ಇಡೂದನ್ನೂ ಕೂಸಿನ ಎದುರಿಗೇ ಮಾಡ್ರಿ. ಒಣಗಿಸೂದು ನೆಳ್ಳಾಗ, ನೆಲದ ಮ್ಯಾಲ ಹಾಸಿ. ಹಗ್ಗಕ್ಕ ನೇತು ಹಾಕಿದರ ದಪ್ಪ ಬಣ್ಣ ಇಳೀತೈತಿ.

ಹೋಳಿ ಬಣ್ಣ, ಅಂಗಡಿ ಕುಂಕುಮ, ಬಾಗಿಲಿಗೆ ಹಚ್ಚೂ ಎನಾಮೆಲ್ ಮುಟ್ಟಬ್ಯಾಡ್ರಿ. ಎಲ್ಲಾ ಬಾಯಿಗೆ ಹಾಕೂ ಕೂಸಾದರ ನಾಕು ಚಮಚ ಕಾರ್ನ್‌ಫ್ಲೋರ್ ತಗೋರಿ. ಮೊದಲು ತಣ್ಣೀರಾಗ ಗಂಟಿಲ್ಲದಂಗ ಕಲಸಿ, ಒಂದು ಕಪ್ ನೀರಿಗೆ ಹಾಕಿ ಗಂಜಿಯಂಗ ಕಾಸಿ, ಆರಿದ ಮ್ಯಾಲ ಅಡುಗಿ ಬಣ್ಣ ಬೆರೆಸ್ರಿ. ಅವತ್ತೇ ಮುಗಿಸ್ರಿ, ಈ ಸೆಕಿಗೆ ಮರುದಿನ ಹಳಸತೈತಿ.

ಒಂದು ವಿಷಯದಾಗ ನಮ್ಮದು ಹಟ. ಕೂಸಿನ ಕೈ ಹಿಡಿದು ಎಳೆಸಬ್ಯಾಡ್ರಿ. "ಏನಿದು, ಹೂವಾ?" ಅಂತನೂ ಕೇಳಬ್ಯಾಡ್ರಿ, ಅದು ಹೂವು ಬರೆದಿಲ್ಲ, ಬಣ್ಣ ಎಳೆದೈತಿ. "ಹಳದಿ ಎಲ್ಲಿ ಹೋತವ್ವಾ?" ಅಂತ ಕೇಳ್ರಿ. ಬೆರಳು ಹಚ್ಚಿ ಹುಡುಕಿ ತೋರಸ್ತೈತಿ. ಮೂರು ಹಾಳಿ ಆದ ಮ್ಯಾಲ ಸಾಕಂದರ ಸಾಕು. ನಾಕು ವರ್ಷ ದಾಟಿದವರಿಗೆ ರಟ್ಟಿನ ಅಂಚಿನ್ಯಾಗ ಅರ್ಧ ಸೆಂಟಿಮೀಟರಿನ ಕಚ್ಚು ಕತ್ತರಿಸಿ ಕೊಡ್ರಿ, ಬಾಚಣಿಕಿ ಎಳೆದಂಗ ಗೆರಿ ಬೀಳ್ತಾವು. ಆ ಗೆರಿ ಹಾವಿನಂಗ ತಿರುಗಿಸೂದು ಹೆಂಗ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.