ಕಮೋಲಿಯಲ್ಲಿ ಹೊತ್ತು ಹೊತ್ತಿಗೆ ಏನು ತಿನ್ಬೇಕು | ಇಟಲಿಯ ಕಡಲ ತೀರದ ಊರು

ನಮಸ್ಕಾರ ಎಲ್ರಿಗೂ. ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಕಮೋಲಿ, ಇಟಲಿಯ ಲಿಗೂರಿಯಾ ಕಡೆಯ ಪುಟ್ಟ ಮೀನುಗಾರರ ಊರು. ಜಿನೋವಾದಿಂದ ಪೂರ್ವಕ್ಕೆ ಹೋಗೋ ಲೋಕಲ್ ಟ್ರೇನ್ ಹತ್ತಿದ್ರೆ ಮುಕ್ಕಾಲು ಗಂಟೆಯೊಳಗೆ ಸ್ಟೇಷನ್ ಬರುತ್ತೆ, ಅಲ್ಲಿಂದ ಮೆಟ್ಟಿಲು ಇಳಿದ್ರೆ ಸಮುದ್ರ. ಪೋರ್ಟೊಫಿನೊ ಇರೋದು ಇದೇ ಗುಡ್ಡದ ಆ ಕಡೆ, ಫೋಟೊಗೆ ಅಂತ ಎಲ್ಲರೂ ಅಲ್ಲಿಗೇ ಓಡ್ತಾರೆ, ಆದ್ರೆ ತಿನ್ನೋ ಕುಡಿಯೋ ವಿಷಯಕ್ಕೆ ಬಂದ್ರೆ ನನ್ನ ಓಟು ಕಮೋಲಿಗೆ. ಈ ಎತ್ತರದ ಹಳದಿ, ಕೇಸರಿ, ಗುಲಾಬಿ ಮನೆಗಳನ್ನ ನೋಡಿ, ಹತ್ತಿರ ಹೋದ್ರೆ ಗೊತ್ತಾಗುತ್ತೆ, ಎಷ್ಟೋ ಕಿಟಕಿ, ಕಿಟಕಿ ಸುತ್ತಿನ ಕೆತ್ತನೆ ಎಲ್ಲ ಗೋಡೆ ಮೇಲೆ ಬರೆದಿರೋ ಪೇಂಟಿಂಗ್. 19ನೇ ಶತಮಾನದಲ್ಲಿ ಇದು ಹಾಯಿ ಹಡಗಿನವರ ಊರು, ಸಾವಿರ ಬಿಳಿ ಹಾಯಿಹಡಗುಗಳ ಊರು ಅಂತಾನೇ ಹೆಸರು.

ಇಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಅಂದ್ರೆ, ಪ್ರತಿಯೊಂದು ತಿಂಡಿಗೂ ಅದರದ್ದೇ ಒಂದು ಹೊತ್ತು ಇದೆ. ಎಲ್ಲವನ್ನೂ ಯಾವಾಗ ಬೇಕಾದ್ರೂ ತಿನ್ನಬಹುದು ಅಂದ್ಕೊಂಡು ಬಂದ್ರೆ ಅರ್ಧ ರುಚಿ ಕೈತಪ್ಪಿ ಹೋಗುತ್ತೆ. ಊರಿನ ಟೈಮಿಗೆ ನಾವು ಹೊಂದ್ಕೊಂಡ್ವಿ ಅಂದ್ರೆ ಮಾತ್ರ ಇಲ್ಲಿನ ಊಟ ಅರ್ಥ ಆಗೋದು.

ಬೆಳಿಗ್ಗೆ ಅಂದ್ರೆ ಫೊಕಾಚ, ಇಲ್ಲಿಯ ಚಪ್ಪಟೆ ಬ್ರೆಡ್ಡು. ಬೇಕರಿ ಒಳಗೆ ದೊಡ್ಡ ದೊಡ್ಡ ಕಬ್ಬಿಣದ ಟ್ರೇ, ಅದರಲ್ಲಿ ಉಬ್ಬಿದ ಹಿಟ್ಟನ್ನ ಹರಡಿ ಹತ್ತೂ ಬೆರಳಿಂದ ಒತ್ತಿ ಒತ್ತಿ ಗುಳಿ ಮಾಡ್ತಾರೆ, ಆಮೇಲೆ ಉಪ್ಪುನೀರು, ಆಲಿವ್ ಎಣ್ಣೆ ಸುರೀತಾರೆ, ಅದು ಗುಳಿಗಳಲ್ಲಿ ನಿಂತ್ಕೊಳ್ಳುತ್ತೆ, ಹಾಗೇ ಓವನ್ ಒಳಗೆ ಹೋಗುತ್ತೆ. ಬೆಂದು ಬಂದಾಗ ಉಬ್ಬಿರೋ ಜಾಗ ಎಲ್ಲ ಹೊಂಬಣ್ಣ, ಗರಿಗರಿ, ಗುಳಿ ಇರೋ ಕಡೆ ಮಾತ್ರ ಬಿಳಿ, ಮೆತ್ತಗೆ, ಎಣ್ಣೆ ಕುಡಿದು ಮಿಂಚ್ತಿರುತ್ತೆ. ತೂಕದ ಲೆಕ್ಕದಲ್ಲಿ ಮಾರ್ತಾರೆ, ಉನ್ ಎತ್ತೊ ಅಂದ್ರೆ 100 ಗ್ರಾಂ, ಅಷ್ಟು ಕೇಳಿ ಸಾಕು. ಕೈಗೆ ಬಂದ ಪೇಪರ್ ನೋಡ್ ನೋಡ್ತಿದ್ದ ಹಾಗೇ ಎಣ್ಣೆಗೆ ಪಾರದರ್ಶಕ ಆಗ್ಬಿಡುತ್ತೆ. ಇಲ್ಲಿಯವರು ಅದನ್ನ ಬೋರಲಾಗಿ ಹಿಡ್ಕೊಂಡು ತಿಂತಾರೆ, ಉಪ್ಪಿರೋ ಮೇಲ್ಭಾಗ ನಾಲಿಗೆಗೆ ಮೊದಲು ತಾಗ್ಲಿ ಅಂತ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ಯಾಪುಚಿನೊಗೆ ಅದ್ದಿ ತಿನ್ನೋರೂ ಇದ್ದಾರೆ, ಕೇಳೋಕೆ ವಿಚಿತ್ರ ಅನ್ಸಬಹುದು, ಒಂದ್ಸಲ ಟ್ರೈ ಮಾಡಿ, ಉಪ್ಪು, ಹಾಲು, ಕಾಫಿ ಕಹಿ ಎಲ್ಲ ಸೇರಿ ಎಷ್ಟು ಚೆನ್ನಾಗಿ ಕೂಡ್ಕೊಳ್ಳುತ್ತೆ ಅಂದ್ರೆ ಇನ್ನೊಂದು ತುಂಡು ಬೇಕೇ ಬೇಕು ಅನ್ಸುತ್ತೆ. ಮಧ್ಯಾಹ್ನದ ಹೊತ್ತಿಗೆ ಇದೇ ಫೊಕಾಚ ಸ್ವಲ್ಪ ಬಿರುಸಾಗುತ್ತೆ, ಅದಕ್ಕೇ ಹೇಳಿದ್ದು ಬೆಳಿಗ್ಗೆ ಅಂತ.

ಚೀಸ್ ಹಾಕಿರೋ ಫೊಕಾಚ ಬೇರೇನೇ. ಅದು ಪಕ್ಕದ ಸ್ಟೇಷನ್ ರೆಕ್ಕೊ ಊರಿನದ್ದು, ಅದಕ್ಕೆ ಹುಳಿ ಬರಿಸೋದೇ ಇಲ್ಲ, ಬೆಳಕು ಕಾಣೋಷ್ಟು ತೆಳ್ಳಗೆ ಎಳೆದ ಎರಡು ಹಾಳೆ ಹಿಟ್ಟು, ಮಧ್ಯೆ ಕ್ರೆಶೆಂಜಾ ಅನ್ನೋ ಹಸಿ ಚೀಸು, ಅಷ್ಟೇ. 2015ರಲ್ಲಿ ಇದಕ್ಕೆ ಯುರೋಪಿನ ಐಜಿಪಿ ಮಾನ್ಯತೆ ಸಿಕ್ತು, ನಮ್ಮಲ್ಲಿ ಜಿಐ ಟ್ಯಾಗ್ ಅಂತೀವಲ್ಲ ಹಾಗೆ, ರೆಕ್ಕೊ, ಕಮೋಲಿ, ಸೋರಿ, ಅವೇನ್ಯೊ ಈ ನಾಲ್ಕು ಊರಲ್ಲಿ ಮಾಡಿದ್ರೆ ಮಾತ್ರ ಆ ಹೆಸರು. ಬಿಸಿ ಬಿಸಿ ಇರುವಾಗಲೇ ತಿನ್ನಿ, ಆರಿದ್ರೆ ಚೀಸ್ ಗಟ್ಟಿಯಾಗಿ ಮಜಾ ಹೋಗುತ್ತೆ.

ಈಗ ಮೀನಿನ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಊರಾಚೆ ಪುಂಟಾ ಕಿಯಾಪ್ಪಾ ಅನ್ನೋ ಬಂಡೆಯ ಚಾಚು ಇದೆ, ಆ ಕಡೆ ಸಮುದ್ರದಲ್ಲಿ ಟೊನ್ನಾರಾ ಕಟ್ತಾರೆ, ಒಂದೇ ಜಾಗದಲ್ಲಿ ನಿಲ್ಲಿಸಿಡೋ ದೊಡ್ಡ ಬಲೆ. ಇಟಲಿಯಲ್ಲಿ ಇನ್ನೂ ಉಳ್ಕೊಂಡಿರೋದು ಕೆಲವೇ ಕೆಲವು, ಅದರಲ್ಲಿ ಇದೊಂದು. ಏಪ್ರಿಲ್ ಸುಮಾರಿಗೆ ಇಳಿಸಿದ್ರೆ ಸೆಪ್ಟೆಂಬರ್‌ವರೆಗೂ ಅಲ್ಲೇ ಇರುತ್ತೆ, ದಿನಕ್ಕೆ ಮೂರು ಸಲ ದೋಣಿಯಲ್ಲಿ ಹೋಗಿ ಕೈಯಿಂದಾನೇ ಎಳೆದು ನೋಡ್ತಾರೆ. ಆ ಬಲೆ ಯಾವುದರದ್ದು ಗೊತ್ತಾ, ತೆಂಗಿನ ನಾರು! ತೆಂಗಿನ ತೋಟಾನೇ ಇಲ್ಲದ ಊರಲ್ಲಿ ಮೀನುಗಾರರು ಕೂತು ನಾರಿನ ಹಗ್ಗದಲ್ಲಿ ಬಲೆ ಹೆಣೀತಾರೆ, ನಮ್ಮ ಕರಾವಳಿಯವರು ಯಾರಾದ್ರೂ ಇದನ್ನ ನೋಡಿದ್ರೆ ಮುಟ್ಟಿ ನೋಡದೇ ಇರಲ್ಲ. ಸೀಸನ್ ಮುಗಿದ ಮೇಲೆ ನಾರಿನ ಬಲೆಯನ್ನ ಕತ್ತರಿಸಿ ಸಮುದ್ರಕ್ಕೇ ಬಿಟ್ಬಿಡ್ತಾರೆ, ಪ್ಲಾಸ್ಟಿಕ್ ಅಲ್ವಲ್ಲ, ತಳದಲ್ಲಿ ಕರಗಿ ಹೋಗುತ್ತೆ, ಅಲ್ಲಿನ ಜೀವಿಗಳಿಗೂ ಆಹಾರ. ಮುಂದಿನ ವರ್ಷಕ್ಕೆ ಮತ್ತೆ ಹೊಸದು ಹೆಣೆಯೋದು. ಈ ಕೆಲಸ 17ನೇ ಶತಮಾನದಿಂದ ನಡೀತಾ ಇದೆ, ಇದು ನಿಲ್ಲಬಾರದು ಅಂತ ಮನಸಾರೆ ಅನ್ಸುತ್ತೆ ನನಗೆ.

ಆ ಬಲೆಗೆ ಬೀಳೋದು ಬಂಗುಡೆ ಜಾತಿಯ ಮೀನು, ಪಲಮೀಟಾ, ರಿಚೋಲಾ ಇಂಥವು, ಹಾಗಾಗಿ ಊಟಕ್ಕೆ ಕೂತಾಗ ಮೆನು ಕಾರ್ಡ್ ಪಕ್ಕಕ್ಕಿಟ್ಟು ಇವತ್ತೇನು ಬಂದಿದೆ ಅಂತ ಕೇಳಿ. ಬೆರಳುದ್ದದ ಆಂಚೊವಿ ಇದ್ರೆ ಬಿಡಲೇಬೇಡಿ. ಡಬ್ಬಿಯಲ್ಲಿ ಬರೋ ಉಪ್ಪುಪ್ಪು ಆಂಚೊವಿ ತಿಂದು ಇದು ನಮಗಾಗಲ್ಲ ಅಂದವರಿಗೆ ಇದು ಬೇರೆ ಮೀನೇ ಅನ್ಸುತ್ತೆ, ಹಸಿದನ್ನ ನಿಂಬೆರಸದಲ್ಲಿ ನೆನೆಸಿ ಕೊಡ್ತಾರೆ, ಇಲ್ಲಾ ತೆಳ್ಳಗೆ ಹಿಟ್ಟು ಸವರಿ ಕರೀತಾರೆ, ಮುಳ್ಳು ಸಮೇತ ಹಾಗೇ ಅಗಿಯಬಹುದು. ಮೀನಿನ ಪಾಸ್ತಾ ಮೇಲೆ ಚೀಸ್ ಕೇಳ್ಬೇಡಿ, ಇಲ್ಲಿ ಹಾಕಲ್ಲ, ತಿಂದು ನೋಡಿದ್ರೆ ಬೇಕು ಅಂತಾನೂ ಅನ್ಸಲ್ಲ. ಇನ್ನೊಂದು ಮಾತು, ಮೂರು ಗಂಟೆ ಹೊತ್ತಿಗೆ ಸುಮಾರು ಅಡುಗೆಮನೆಗಳು ಬಾಗಿಲು ಹಾಕ್ತವೆ, ಮತ್ತೆ ತೆಗೆಯೋದು ಸಂಜೆ ಏಳರ ಮೇಲೇ.

ವೆಜ್‌ನವರು ಬೇಜಾರು ಮಾಡ್ಕೊಳ್ಬೇಡಿ, ಪೆಸ್ಟೊ ಅನ್ನೋ ಹಸಿರು ಚಟ್ನಿಯಂಥ ಸಾಸು ಹುಟ್ಟಿದ ಸೀಮೆ ಇದು. ಚಿಕ್ಕ ಎಲೆಯ ಎಳೇ ಬೇಸಿಲ್, ಬೆಳ್ಳುಳ್ಳಿ, ಪೈನ್ ಬೀಜ, ಕಲ್ಲುಪ್ಪು, ಎರಡು ಥರ ಚೀಸ್, ಆಲಿವ್ ಎಣ್ಣೆ, ಇದನ್ನೆಲ್ಲ ಅಮೃತಶಿಲೆಯ ಒರಳಲ್ಲಿ ಮರದ ಒನಕೆಯಿಂದ ಅರೆಯೋದು ಹಳೇ ಪದ್ಧತಿ. ಒಲೆ ಮೇಲೆ ಇಡೋ ಹಾಗೇ ಇಲ್ಲ, ಪಾಸ್ತಾ ಬೆಂದ ನೀರನ್ನ ಸ್ವಲ್ಪ ಬೆರೆಸಿ ಕಲಸ್ತಾರೆ ಅಷ್ಟೇ. ಟ್ರೋಫಿಯೆ ಅಂತ ಕೈಯಲ್ಲಿ ಹೊಸೆದ ಸಣ್ಣ ಪಾಸ್ತಾ, ಜೊತೆಗೆ ಆಲೂಗಡ್ಡೆ, ಬೀನ್ಸ್ ಹಾಕಿ ಬೇಯಿಸಿರ್ತಾರೆ, ನನಗಂತೂ ಮೀನಿಗಿಂತ ಇದೇ ಹೆಚ್ಚು ನೆನಪಾಗುತ್ತೆ. ಪಾನ್ಸೋತಿ ಅಂತ ಇನ್ನೊಂದು, ಸೊಪ್ಪು ತುಂಬಿದ ಪಾಸ್ತಾಗೆ ಅಕ್ರೋಟ್ ಸಾಸು. ಆದ್ರೆ ಒಂದು ವಿಷಯ ಗೊತ್ತಿರ್ಲಿ, ಪೆಸ್ಟೊಗೆ ಹಾಕೋ ಪಾರ್ಮಿಜಾನೊ ಚೀಸ್ ಮಾಡೋಕೆ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸೋ ರೆನೆಟ್ ಬಳಸ್ತಾರೆ, ಕಟ್ಟುನಿಟ್ಟಾಗಿ ಇರೋರು ಚೀಸ್ ಬಗ್ಗೆ ಮೊದಲೇ ಕೇಳಿ ಆರ್ಡರ್ ಮಾಡಿ.

ಫರಿನಾಟಾಗೆ ಆ ಚಿಂತೆ ಇಲ್ಲ. ಕಡ್ಲೆ ಹಿಟ್ಟು, ನೀರು, ಎಣ್ಣೆ, ಉಪ್ಪು, ಇಷ್ಟೇ, ಹಲವು ಗಂಟೆ ನೆನೆಯೋಕೆ ಬಿಟ್ಟು, ಅಗಲವಾದ ತಾಮ್ರದ ತಟ್ಟೆಗೆ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸ್ತಾರೆ. ಮೇಲೆ ಕಂದು ಕಂದು ಪದರ, ಒಳಗೆ ಬೆಣ್ಣೆ ಥರ ಮೆತ್ತಗೆ, ಮೇಲಿಂದ ಕರಿಮೆಣಸು ಪುಡಿ. ಚಟ್ನಿ ಗಿಟ್ನಿ ಏನೂ ಬೇಡ, ತಟ್ಟೆಯಿಂದ ಕತ್ತರಿಸಿ ಕೊಟ್ಟ ಕ್ಷಣಕ್ಕೆ ತಿನ್ಬೇಕು.

ಸಂಜೆ ಬಂದರಿನ ಹತ್ರ ಒಂದು ಗ್ಲಾಸ್ ವರ್ಮೆಂಟಿನೊ ತಗೊಳ್ಳಿ, ಇಲ್ಲಿಯ ಗುಡ್ಡಗಳ ಬಿಳಿ ವೈನ್, ತಣ್ಣಗೆ, ಕೊನೆಗೊಂಚೂರು ಕಹಿ, ಕರಿದ ಮೀನಿಗೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ. ಜೊತೆಗೆ ಆಲಿವ್, ಫೊಕಾಚ ಚೂರು ಇಟ್ಟಿರ್ತಾರೆ. ಕುಡಿಯದವರು ಕಿನೊಟ್ಟೊ ಕೇಳಿ, ಇದೇ ಸೀಮೆಯ ಸವೋನಾ ಕಡೆ ಬೆಳೆಯೋ ಪುಟ್ಟ ಕಹಿ ಕಿತ್ತಳೆಯ ಹೆಸರಿನ ಕಪ್ಪು ಸೋಡಾ, ಕೋಲಾ ಥರ ಬರೀ ಸಿಹಿ ಅಲ್ಲ.

ಮೇ ತಿಂಗಳಲ್ಲಿ ಬರೋ ಪ್ಲಾನ್ ಇದ್ರೆ ಎರಡನೇ ಭಾನುವಾರಕ್ಕೆ ಹೊಂದಿಸ್ಕೊಳ್ಳಿ, ಆವತ್ತು ಮೀನಿನ ಹಬ್ಬ, 1952ರಿಂದ ನಡ್ಕೊಂಡ್ ಬಂದಿರೋದು, ಸುಮಾರು 4 ಮೀಟರ್ ಅಗಲದ ಬಾಣಲೆಯಲ್ಲಿ ಬೀದಿಯಲ್ಲೇ ಮೀನು ಕರೀತಾರೆ, ಹಿಂದಿನ ದಿನ ರಾತ್ರಿ ಬೀಚಲ್ಲಿ ದೊಡ್ಡ ಬೆಂಕಿ ಹಾಕ್ತಾರೆ. ಹಳೇ ಬಾಣಲೆಗಳನ್ನ ಊರಲ್ಲಿ ಗೋಡೆಗೆ ನೇತು ಹಾಕಿದ್ದಾರೆ, ಇಲ್ಲಿ ನೋಡಿ.

ಕೊನೆಗೆ ಸಿಹಿ. ಕಮೋಲಿಯೇಸಿ ಅಂತ, ಒಂದೇ ತುತ್ತಿನಷ್ಟು ಚಿಕ್ಕದು, ಹೊರಗೆ ಚಾಕೊಲೇಟ್, ಒಳಗೆ ರಮ್ ಕ್ರೀಮು, ರಮ್ ಬೇಡದವರಿಗೆ ಬೇರೆ ಫ್ಲೇವರ್ ಏನಿದೆ ಕೇಳಿ. ಇದರ ಜೊತೆ ಎಸ್ಪ್ರೆಸ್ಸೊ ಸಾಕು, ಕೌಂಟರ್ ಹತ್ರ ನಿಂತೇ ಕುಡೀರಿ, ಟೇಬಲ್‌ಗೆ ಕೂತ್ರೆ ಎಷ್ಟೋ ಕಡೆ ರೇಟ್ ಜಾಸ್ತಿ.