ಮಾತಾಡದೋನು ಕಥೆ ಹೇಳಿದ್ರೆ

ನಮಸ್ಕಾರ ಕೇಳುಗರೇ. ರೇಡಿಯೋದಲ್ಲಿ ಕೂತು ಮೌನದ ಬಗ್ಗೆ ಮಾತಾಡೋದು ಸ್ವಲ್ಪ ತಮಾಷೆನೇ, ನಾನು ಹತ್ತು ಸೆಕೆಂಡ್ ಸುಮ್ಮನಾದ್ರೆ ನೀವು ಸೆಟ್ ಕೆಟ್ಟೋಯ್ತು ಅಂತ ಅದರ ತಲೆಗೆ ಒಂದು ತಟ್ತೀರ. ಆದ್ರೆ ಕಾದಂಬರೀಲಿ ಒಬ್ಬ ಯಾರ ಹತ್ರಾನೂ ಬಾಯಿ ಬಿಡದೆ ನಮಗೆ ಮಾತ್ರ ಎಲ್ಲಾ ಹೇಳ್ತಾ ಹೋಗ್ತಾನೆ, ನಾವೂ ನಂಬ್ಕೊಂಡು ಕೇಳ್ತೀವಿ.

ಅಮೆರಿಕದ ಲೇಖಕ ಕೆನ್ ಕೀಸಿ ಬರೆದು 1962ರಲ್ಲಿ ಬಂದ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಕಾದಂಬರಿ ತಗೊಳ್ಳಿ. 1975ರ ಸಿನಿಮಾ ನೋಡಿದ್ರೆ ಚೀಫ್ ಬ್ರೋಮ್ಡನ್ ಅಂದ್ರೆ ಸುಮ್ಮನೆ ನಿಂತಿರೋ ಆಜಾನುಬಾಹು ಅಷ್ಟೇ. ಪುಸ್ತಕದಲ್ಲಿ ಕಥೆ ಹೇಳೋನೇ ಅವನು. ಮಾನಸಿಕ ಆಸ್ಪತ್ರೇಲಿ ಎಲ್ಲರೂ ಅವನನ್ನ ಕಿವುಡ, ಮೂಗ ಅಂದ್ಕೊಂಡಿದಾರೆ, ಹಂಗಾಗಿ ಅವನು ನೆಲ ಗುಡಿಸ್ತಾ ಇರೋವಾಗ ಪಕ್ಕದಲ್ಲೇ ನಿಂತು ಗುಟ್ಟೆಲ್ಲ ಆಡ್ಕೋತಾರೆ.

ಇವನು ಯಾಕೆ ಹಿಂಗಾದ? ಚಿಕ್ಕ ಹುಡುಗ ಇದ್ದಾಗ ಅಣೆಕಟ್ಟಿಗೆ ಜಾಗ ಕೇಳೋಕೆ ಮೂರು ಜನ ಮನೆ ಹತ್ರ ಬರ್ತಾರೆ, ಇಂಡಿಯನ್ನರ, ಅಂದ್ರೆ ಅಮೆರಿಕದ ಮೂಲನಿವಾಸಿಗಳಾದ ಇವನ ಜನರ ಮನೆ ಒಳಗೆ ಎಂಥ ಸೆಕೆ ಇರ್ಬೇಕು ಅಂತ ಆಡ್ಕೋತಾರೆ, ಹುಡುಗ ಒಳ್ಳೇ ಇಂಗ್ಲಿಷಲ್ಲೇ ‘ಇಲ್ಲ, ನಮ್ಮನೆ ಸ್ಕೂಲಿಗಿಂತ ತಂಪಾಗಿದೆ’ ಅಂತಾನೆ, ಅವರು ಆ ಮಾತು ಕಿವಿಗೇ ಬೀಳದವರ ಥರ ತಮ್ಮ ಪಾಡಿಗೆ ಮಾತು ಮುಂದುವರಿಸ್ತಾರೆ. ಹೊಡೆತ ಇಲ್ಲ, ರಕ್ತ ಇಲ್ಲ. ಆಮೇಲೆ ಸ್ಕೂಲಲ್ಲೂ ಅದೇ, ಸೈನ್ಯದಲ್ಲೂ ಅದೇ. ಅವನು ಮೂಗನಾಗೋಕೆ ಮೊದಲೇ ಇವರೆಲ್ಲ ಕಿವುಡರಾಗಿದ್ರು.

ನನಗೆ ಇದು ಹಿಡಿಸೋದು ಯಾಕಂದ್ರೆ ಬಹಳ ಕಾದಂಬರಿಗಳಲ್ಲಿ ಬಾಲ್ಯದ ಆಘಾತ ಅಂದ್ರೆ ಬೀಗ ಹಾಕಿದ ಒಂದು ರೂಮು, ಕೊನೇ ಅಧ್ಯಾಯದಲ್ಲಿ ಬೀಗ ತೆಗೀತಾರೆ, ಮಗು ಅಳುತ್ತೆ, ಮಾತು ಬರುತ್ತೆ, ಮುಗೀತು. ಅಂದಹಾಗೆ ಕೆಲವು ಕಡೆ ಮಾತ್ರ ಮಾತು ನಿಂತೋಗೋ ಮಕ್ಕಳನ್ನ ಡಾಕ್ಟರುಗಳು ಮೊದಲು ‘ಇಲೆಕ್ಟಿವ್ ಮ್ಯೂಟಿಸಂ’ ಅಂತಿದ್ರು, ಅಂದ್ರೆ ಮಗು ಬೇಕಂತಲೇ ಸುಮ್ಮನಿದೆ ಅನ್ನೋ ಅರ್ಥ ಬರೋ ಹಾಗೆ. ಅಮೆರಿಕದ ಮನೋವೈದ್ಯರ ಕೈಪಿಡೀಲಿ 1994ಕ್ಕೆ ಅದು ‘ಸೆಲೆಕ್ಟಿವ್’, ಅಂದ್ರೆ ಕೆಲವು ಕಡೆ ಮಾತ್ರ ಅನ್ನೋ ಅರ್ಥದ್ದು, ಆಯ್ತು, 2013ಕ್ಕೆ ಆತಂಕದ ಕಾಯಿಲೆಗಳ ಸಾಲಿಗೆ ಬಂತು. ಅಂಥ ಎಷ್ಟೋ ಮಕ್ಕಳ ಹಿಂದೆ ಯಾವ ಘೋರ ಘಟನೇನೂ ಇರಲ್ಲ, ಕಥೆಗಾರರಿಗೆ ಮಾತ್ರ ಒಂದು ಇರ್ಲೇಬೇಕು.

ಆಘಾತ ನಿಜವಾಗಿ ಕಾಣೋದು ಹೇಳೋ ರೀತೀಲಿ. ಬ್ರೋಮ್ಡನ್‌ಗೆ ಹೆದರಿಕೆ ಆದಾಗೆಲ್ಲ ವಾರ್ಡ್ ತುಂಬ ಮಂಜು ಕವಿಯುತ್ತೆ, ಗೋಡೆ ಒಳಗೆ ಯಂತ್ರ ಗುಂಯ್‌ಗುಡುತ್ತೆ, ಇದು ಹುಚ್ಚೋ ನಿಜಾನೋ ಅಂತ ನಮಗೂ ಗೊತ್ತಾಗಲ್ಲ, ಯಾಕಂದ್ರೆ ಹೌದು ಇಲ್ಲ ಅನ್ನೋಕೆ ಅವನ ಎದುರು ಇನ್ನೊಬ್ಬ ಇಲ್ವೇ ಇಲ್ಲ.

ಆ ಮೂರು ಜನರ ಕಥೆ ಅವನು ನಮಗೆ ಹೇಳೋದು ಒಂದು ರಾತ್ರಿ, ಹಾಸಿಗೇಲಿ ಮಲಗಿಕೊಂಡು. ಅದೇ ರಾತ್ರಿ ಪಕ್ಕದ ಹಾಸಿಗೆಯ ಮ್ಯಾಕ್‌ಮರ್ಫಿ, ವಾರ್ಡಿಗೆ ಹೊಸದಾಗಿ ಬಂದ ರೋಗಿ, ಅವನ ಕಡೆಗೆ ಚೂಯಿಂಗ್ ಗಮ್ ಎಸೀತಾನೆ. ಎಷ್ಟೋ ವರ್ಷದಿಂದ ಬಾಯಿ ತೆರೀದಿದ್ದೋನು ‘ಥ್ಯಾಂಕ್ ಯೂ’ ಅಂತಾನೆ.